10 ಲಕ್ಷದಲ್ಲಿ 6.20 ಲಕ್ಷ ಉಳಿದಿದೆ: ಆವರೇಜ್ ಮಾಡಲೇ, ಮಾರಲೇ?

ಪ್ರಶ್ನೆ:
ಷೇರು ಮಾರುಕಟ್ಟೆಗೆ ಹಾಕಿದ್ದು 10 ಲಕ್ಷ. ಆಪ್ಷನ್ಸ್‌ನಲ್ಲಿ (ಗೊತ್ತಾದ ದಿನ ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿನ ವಹಿವಾಟು) 1.40 ಲಕ್ಷ ಹೋಯಿತು. ಒಂದು ಸ್ಮಾಲ್‌ಕ್ಯಾಪ್ (ಚಿಕ್ಕ ಕಂಪನಿಯ) ಷೇರು 450 ರೂಪಾಯಿಯಂತೆ 1,000 ಇದೆ, ಈಗಿನ ಬೆಲೆ 260. ದೊಡ್ಡ ಬ್ಯಾಂಕ್, ಐಟಿ ಷೇರುಗಳು 2.40 ಲಕ್ಷದಷ್ಟು, ಬೇರೆ ಮೂರು ಕಂಪನಿಗಳದ್ದು 1.20 ಲಕ್ಷ. ಷೇರು ಪ್ಲೆಡ್ಜ್ (ಅಡವು) ಇಟ್ಟು ತೆಗೆದುಕೊಂಡ ಒಂದು ಆಪ್ಷನ್ ಸ್ಪ್ರೆಡ್ (ಒಂದು ಆಪ್ಷನ್ ಮಾರಿ, ಇನ್ನೊಂದು ಕೊಂಡ ಜೋಡಿ) ಇನ್ನೂ ಓಪನ್ ಇದೆ. 260ರಲ್ಲಿ ಇನ್ನೊಂದು ಸಾವಿರ ಷೇರು ತೆಗೆದುಕೊಂಡು ಆವರೇಜ್ ಮಾಡಿದರೆ ಸರಾಸರಿ 355ಕ್ಕೆ ಬರುತ್ತದೆ. ಹಾಗೆ ಮಾಡಬಹುದೇ? ತೆರಿಗೆಯಲ್ಲಿ ಏನಾದರೂ ಉಳಿಯುತ್ತದೆಯೇ?

ಉತ್ತರ 1:
ಸರ್, ಸ್ಮಾಲ್‌ಕ್ಯಾಪ್ ಆಮೇಲೆ ನೋಡೋಣ, ಮೊದಲು ಆ ಸ್ಪ್ರೆಡ್ ಮುಚ್ಚಿ. ಪ್ಲೆಡ್ಜ್ ಇಟ್ಟ ಷೇರಿಗೆ ಹೇರ್‌ಕಟ್ (ಬೆಲೆಯ ಒಂದು ಪಾಲು) ಕಳೆದೇ ಮಾರ್ಜಿನ್, ಅಂದರೆ ವಹಿವಾಟಿಗೆ ಬೇಕಾದ ಭದ್ರತಾ ಮೊತ್ತ, ಲೆಕ್ಕ ಹಾಕಿ ಕೊಡುತ್ತಾರೆ. ಷೇರು ಬಿದ್ದಂತೆಲ್ಲ ಆ ಮಾರ್ಜಿನ್ ಕೂಡ ಕರಗುತ್ತದೆ. ಕೊರತೆ ಬಿದ್ದರೆ ಪೆನಾಲ್ಟಿ, ನಂತರ ಬ್ರೋಕರ್ ಸಿಕ್ಕ ಬೆಲೆಗೆ ಸ್ಕ್ವೇರ್ ಆಫ್ ಮಾಡುತ್ತಾರೆ, ಅಂದರೆ ವ್ಯವಹಾರ ಮುಚ್ಚಿಬಿಡುತ್ತಾರೆ. ರಾತ್ರಿ ಉಳಿಸಿಕೊಳ್ಳುವ ಪೊಸಿಷನ್‌ಗೆ (ಓಪನ್ ಇರುವ ವ್ಯವಹಾರಕ್ಕೆ) ಅರ್ಧ ಮಾರ್ಜಿನ್ ನಗದು ಅಥವಾ ಬೇಗ ನಗದಾಗುವ ಲಿಕ್ವಿಡ್ ಫಂಡ್‌ನಂಥದ್ದರಲ್ಲಿ ಇರಬೇಕು ಎಂಬುದೂ ನೆನಪಿರಲಿ.

ಮುಚ್ಚುವಾಗ ಕ್ರಮ ತಪ್ಪಬೇಡಿ. ಮಾರಿದ್ದ ಆಪ್ಷನ್ ಅನ್ನು ಮೊದಲು ವಾಪಸ್ ಕೊಳ್ಳಿ, ಆಮೇಲೆ ಕೊಂಡಿದ್ದನ್ನು ಮಾರಿ. ತಿರುಗಾಮುರುಗಾ ಮಾಡಿದರೆ ಹೆಡ್ಜ್ (ನಷ್ಟ ತಡೆಯುವ ರಕ್ಷಣೆ) ಹೋಗಿ ಆ ಕ್ಷಣದಲ್ಲೇ ಮಾರ್ಜಿನ್ ಹಲವು ಪಟ್ಟು ಏರುತ್ತದೆ. ಷೇರಿನ ಆಪ್ಷನ್ ಆಗಿದ್ದರೆ ಎಕ್ಸ್‌ಪೈರಿ (ಅವಧಿ ಮುಗಿಯುವ ದಿನ) ತನಕ ಎಳೆಯಬೇಡಿ, ಫಿಸಿಕಲ್ ಡೆಲಿವರಿ, ಅಂದರೆ ನಿಜವಾಗಿ ಷೇರನ್ನೇ ಕೊಡುವ ಅಥವಾ ಕೊಳ್ಳುವ ಹೊಣೆ, ತಲೆಗೆ ಬರುತ್ತದೆ.

ಆಪ್ಷನ್ಸ್‌ನಲ್ಲಿ ಹೋದದ್ದನ್ನು ಅಲ್ಲೇ ಎತ್ತುತ್ತೇನೆ ಅನ್ನುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಲೆಕ್ಕದಲ್ಲಿ, ಮೂರು ವರ್ಷದಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಮಾಡಿದ ನೂರಕ್ಕೆ 93 ಜನ ಕಳೆದುಕೊಂಡವರೇ. ಆ್ಯಪ್‌ನಲ್ಲಿ ಕಿಲ್ ಸ್ವಿಚ್ (ವಹಿವಾಟು ನಿಲ್ಲಿಸುವ ಬಟನ್) ಇದ್ದರೆ ಇವತ್ತೇ ಒತ್ತಿ. ಮನೆಯ ಚಿನ್ನ ಅಡವಿಡಬೇಡಿ. ನಿದ್ದೆ ಬರುತ್ತಿಲ್ಲ, ಯಾರ ಹತ್ತಿರವೂ ಹೇಳಿಕೊಳ್ಳಲು ಆಗುತ್ತಿಲ್ಲ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಉತ್ತರ 2:
355 ನೋಡಿ ಸಮಾಧಾನ ಪಡಬೇಡಿ. ಹೊಸದಾಗಿ 2.60 ಲಕ್ಷ ಹಾಕಿದ ಮೇಲೂ 260ರಿಂದ 36.5% ಏರಿದರಷ್ಟೇ ಅಸಲು. ಈಗಲೇ 6.20ರಲ್ಲಿ 42% ಒಂದೇ ಕಂಪನಿಯಲ್ಲಿದೆ, ಆವರೇಜ್ ಮಾಡಿದರೆ 59% ಆಗುತ್ತದೆ. ಅಲ್ಲಿಂದ 20% ಬಿದ್ದರೆ 52,000 ಬದಲು 1.04 ಲಕ್ಷ ಹೋಗುತ್ತದೆ.

ಒಂದು ಷೇರಿಗೆ 15% ಸಾಕು, ಅಂದರೆ 93,000. 360 ಷೇರು ಇಟ್ಟುಕೊಂಡು 640 ಮಾರಿ. ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಮಾರುವುದು) ಬೇಡವೇ ಬೇಡ. ಡೆಪ್ತ್‌ನಲ್ಲಿ (ಕೊಳ್ಳುವವರ ಬೆಲೆಪಟ್ಟಿ) 260ಕ್ಕೆ 80 ಷೇರು, 259.50ಕ್ಕೆ 120, ಆಮೇಲೆ ನೇರ 256 ಎಂದು ಬಿಡ್ (ಕೊಳ್ಳುವವರ ಬೆಲೆ) ನಿಂತಿದ್ದರೆ, ಒಟ್ಟಿಗೆ 640 ಎಸೆದಾಗ ನೀವೇ ಬೆಲೆ ಬೀಳಿಸಿದಂತೆ. ನೂರು, ನೂರೈವತ್ತರಂತೆ ಲಿಮಿಟ್ (ಇದಕ್ಕಿಂತ ಕಡಿಮೆಗೆ ಮಾರಬೇಡ ಎಂಬ ಬೆಲೆ) ಹಾಕಿ. ಉಳಿದ 360 ಇಡುವ ಮುನ್ನ ಪ್ರೊಮೋಟರ್ ಪ್ಲೆಡ್ಜ್ (ಕಂಪನಿಯ ಮುಖ್ಯ ಮಾಲೀಕರು ಅಡವಿಟ್ಟ ಷೇರು) ಏರಿದೆಯೇ, ಲಾಭ ತೋರಿಸಿಯೂ ಆಪರೇಟಿಂಗ್ ಕ್ಯಾಶ್ ಫ್ಲೋ (ವ್ಯಾಪಾರದಿಂದ ಕೈಗೆ ಬರುವ ನಗದು) ಮೈನಸ್ ಇದೆಯೇ ನೋಡಿ. ಎರಡೂ ಹೌದಾದರೆ ಪೂರ್ತಿ ಮಾರುವುದೇ ಸರಿ.

ಉತ್ತರ 3:
ತೆರಿಗೆ ವಿಷಯ. 640 ಮಾರಿದರೆ ಷೇರಿಗೆ 190ರಂತೆ 1,21,600 ನಷ್ಟ. ಕೊಂಡು 12 ತಿಂಗಳೊಳಗಾದರೆ ಅಲ್ಪಾವಧಿ ನಷ್ಟ, ಅಲ್ಪಾವಧಿ, ದೀರ್ಘಾವಧಿ ಎರಡೂ ಲಾಭಕ್ಕೆ ವಜಾ ಆಗುತ್ತದೆ, ಅಂದರೆ ಆ ಲಾಭದಿಂದ ಕಳೆಯಬಹುದು. ದೀರ್ಘಾವಧಿ ನಷ್ಟ ದೀರ್ಘಾವಧಿ ಲಾಭಕ್ಕೆ ಮಾತ್ರ.

ಆಪ್ಷನ್ಸ್‌ನ 1.40 ಲಕ್ಷ ವ್ಯಾಪಾರದ ನಷ್ಟ, ಐಟಿಆರ್-3 ಎಂಬ ತೆರಿಗೆ ರಿಟರ್ನ್ ಫಾರ್ಮ್‌ನಲ್ಲಿ ತೋರಿಸಬೇಕು. ಅದೇ ವರ್ಷ ಬಡ್ಡಿ, ಬಾಡಿಗೆಗೆ ವಜಾ ಮಾಡಬಹುದು, ಸಂಬಳಕ್ಕೆ ಆಗುವುದಿಲ್ಲ. ಷೇರು ಮಾರಿದ ನಷ್ಟ, ಆಪ್ಷನ್ಸ್ ನಷ್ಟ ಎರಡನ್ನೂ 8 ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಗಡುವಿನೊಳಗೆ ರಿಟರ್ನ್ ಹಾಕಿದ್ದರೆ ಮಾತ್ರ. ಇಂಟ್ರಾಡೇ (ಒಂದೇ ದಿನ ಕೊಂಡು ಮಾರುವ ವಹಿವಾಟು) ನಷ್ಟ ಬೇರೆ ಲೆಕ್ಕ, ಅದಕ್ಕೆ 4 ವರ್ಷವೇ. ನಷ್ಟ ಬುಕ್ ಮಾಡಿ ಅದೇ ಷೇರು ಮತ್ತೆ ಬೇಕೆಂದರೆ ಮರುದಿನ ಕೊಳ್ಳಿ. ಅದೇ ದಿನ ಕೊಂಡರೆ ಇಂಟ್ರಾಡೇ ಆಗಿಬಿಡುತ್ತದೆ, ಹಳೆಯ ಷೇರು ಡಿಮ್ಯಾಟ್ ಖಾತೆಯಲ್ಲೇ ಉಳಿದು ನಷ್ಟ ಬುಕ್ ಆಗುವುದಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದ. ಉಳಿಯುವ 360ಕ್ಕೆ 240ರಲ್ಲಿ ಜಿಟಿಟಿ ಸ್ಟಾಪ್‌ಲಾಸ್ (ಬೆಲೆ ಅಲ್ಲಿಗೆ ಬಿದ್ದಾಗ ತಾನಾಗಿ ಮಾರುವ, ಮೊದಲೇ ಇಟ್ಟ ಆರ್ಡರ್) ಹಾಕಿದರೆ ಸಾಕೇ?

ಉತ್ತರ 2:
ಟ್ರಿಗರ್ (ಆರ್ಡರ್ ಚಾಲೂ ಆಗುವ ಬೆಲೆ) 240 ಇಟ್ಟು ಲಿಮಿಟ್ ಅನ್ನೂ 240ಕ್ಕೇ ಇಡಬೇಡಿ, 233ರ ಸುಮಾರಿಗೆ ಇಡಿ. ಬೆಳಿಗ್ಗೆ ಮಾರುಕಟ್ಟೆ ತೆರೆದಾಗಲೇ ಬೆಲೆ 236ಕ್ಕೆ ಗ್ಯಾಪ್ ಡೌನ್ ಆದರೆ 240ರ ಲಿಮಿಟ್ ಹಾಗೇ ಪೆಂಡಿಂಗ್ ನಿಲ್ಲುತ್ತದೆ. ಲೋವರ್ ಸರ್ಕ್ಯೂಟ್ (ಒಂದು ದಿನಕ್ಕೆ ಇಳಿಯಬಹುದಾದ ಕೊನೆಯ ಮಿತಿ) ಬಿದ್ದರಂತೂ ಕೊಳ್ಳುವವರೇ ಇರುವುದಿಲ್ಲ, ಯಾವ ಸ್ಟಾಪ್‌ಲಾಸೂ ಕೆಲಸಕ್ಕೆ ಬಾರದು. 15% ಮಿತಿ ಹೇಳಿದ್ದು ಅದಕ್ಕೇ.