ಬಾಯ್ಲರ್‌ನಲ್ಲಿ ಒತ್ತಡವಿದ್ದರೂ ಡ್ರೈಯರ್ ಏಕೆ ಕಾಯುವುದಿಲ್ಲ?

ಪ್ರಶ್ನೆ (ಶಿವಮೊಗ್ಗದಿಂದ):
ನಮ್ಮ ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವ ತೊಟ್ಟಿಗಳಿಗೂ ಡ್ರೈಯರ್‌ಗೂ ಒಂದೇ ಬಾಯ್ಲರ್‌ನಿಂದ ಹಬೆ ಹೋಗುತ್ತದೆ. ಮಾಪಕ 7 ಕೆ.ಜಿ. (ಚದರ ಸೆಂ.ಮೀ.ಗೆ) ಒತ್ತಡ ತೋರಿಸುತ್ತಿದ್ದರೂ ಸುಮಾರು 80 ಮೀಟರ್ ದೂರದ ಡ್ರೈಯರ್ ಸರಿಯಾಗಿ ಕಾಯುವುದಿಲ್ಲ. ಬೆಳಿಗ್ಗೆ ಮುಖ್ಯ ವಾಲ್ವ್ ತೆರೆದೊಡನೆ ಕೊಳವೆ ಸುತ್ತಿಗೆಯಿಂದ ಬಡಿದಂತೆ ಸದ್ದು ಮಾಡುತ್ತದೆ. ಮಳೆಗಾಲದಲ್ಲಿ ಎರಡೂ ತೊಂದರೆ ಹೆಚ್ಚು. ದೊಡ್ಡ ಬಾಯ್ಲರ್ ಹಾಕಿಸಿ ಎನ್ನುತ್ತಾರೆ ಕೆಲವರು. ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಭದ್ರಾವತಿ, ನಿವೃತ್ತ ಬಾಯ್ಲರ್ ಅಟೆಂಡೆಂಟ್):
ಹೊಸ ಬಾಯ್ಲರ್‌ನ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ಹೇಳಿದ ಲಕ್ಷಣಗಳೆಲ್ಲ ಕೊಳವೆಯೊಳಗೆ ನೀರು ನಿಂತಿರುವುದನ್ನೇ ತೋರಿಸುತ್ತವೆ. ಹಬೆ ದಾರಿಯುದ್ದಕ್ಕೂ ಶಾಖ ಕಳೆದುಕೊಂಡು ಸ್ವಲ್ಪಸ್ವಲ್ಪವೇ ನೀರಾಗುತ್ತದೆ. ಕೊಳವೆ ಎಲ್ಲಾದರೂ ಜೋತುಬಿದ್ದಿದ್ದರೆ ಅಲ್ಲಿ ನಿಂತ ನೀರನ್ನು ಸೆಕೆಂಡಿಗೆ 25–30 ಮೀಟರ್ ವೇಗದಲ್ಲಿ ಸಾಗುವ ಹಬೆ ಒಟ್ಟಾಗಿ ತಳ್ಳಿಕೊಂಡು ಹೋಗಿ ಮುಂದಿನ ಬಾಗಿಗೋ ವಾಲ್ವಿಗೋ ಅಪ್ಪಳಿಸುತ್ತದೆ. ಇದೇ ವಾಟರ್ ಹ್ಯಾಮರ್. ಸದ್ದು ತಾನೇ ಎಂದು ಸುಮ್ಮನಿರಬೇಡಿ, ವಾಲ್ವ್ ಒಡೆಯುವಷ್ಟು ಬಲ ಅದಕ್ಕಿದೆ.

ಮುಖ್ಯ ಕೊಳವೆ ಹಬೆ ಹರಿಯುವ ದಿಕ್ಕಿಗೇ 100 ಮೀಟರಿಗೆ 1 ಮೀಟರಿನಷ್ಟು ಇಳಿಜಾರಾಗಿರಬೇಕು. 30ರಿಂದ 50 ಮೀಟರಿಗೊಂದು ಕಡೆಯೂ, ಕೊಳವೆ ಮೇಲೇರುವ ಜಾಗದ ಬುಡದಲ್ಲಿಯೂ ಡ್ರೈನ್ ಪಾಕೆಟ್ (ನೀರು ಇಳಿದು ಸೇರುವ, ಕೆಳಮುಖದ ಗಿಡ್ಡ ಕೊಳವೆ) ಮತ್ತು ಸ್ಟೀಮ್ ಟ್ರ್ಯಾಪ್ (ಹಬೆಯನ್ನು ತಡೆದು ನೀರನ್ನು ಮಾತ್ರ ಹೊರಬಿಡುವ ಸಾಧನ) ಇರಬೇಕು. ಪಾಕೆಟ್ಟಿಗೆ ಅರ್ಧ ಇಂಚಿನ ಕೊಳವೆ ಹಾಕಿದ್ದರೆ ರಭಸದ ನೀರು ಅದರ ಬಾಯಿ ದಾಟಿಯೇ ಹೋಗುತ್ತದೆ, 100 ಮಿ.ಮೀ.ವರೆಗಿನ ಕೊಳವೆಗೆ ಅಷ್ಟೇ ಅಗಲದ ಪಾಕೆಟ್ ಇಡುವುದು ರೂಢಿ. ಡ್ರೈಯರ್‌ನ ಕವಲು ಮುಖ್ಯ ಕೊಳವೆಯ ನೆತ್ತಿಯಿಂದ ಹೊರಟಿದೆಯೇ ನೋಡಿ. ತಳದಿಂದ ಹೊರಟಿದ್ದರೆ ಹಬೆಗಿಂತ ಮೊದಲು ನೀರೇ ಅಲ್ಲಿಗೆ ತಲುಪುತ್ತದೆ.

ಉತ್ತರ (ಸಾಗರದಿಂದ):
ಮೇಲಿನವರು ಹೇಳಿದ್ದು ಸರಿ, ಆದರೆ ಡ್ರೈಯರ್‌ನ ಟ್ರ್ಯಾಪನ್ನು ಮೊದಲು ಪರೀಕ್ಷಿಸಬೇಕೆಂಬುದು ನನ್ನ ಅಭಿಪ್ರಾಯ. 7 ಕೆ.ಜಿ. ಒತ್ತಡದ ಹಬೆ ಸುಮಾರು 170 ಡಿಗ್ರಿ ಇರುತ್ತದೆ. ಅದರಿಂದ ಆಗತಾನೇ ಇಳಿದ ನೀರೂ ಅಷ್ಟೇ ಬಿಸಿ. ಆದರೆ ಒಂದು ಕೆ.ಜಿ. ಹಬೆ ನೀರಾಗುವಾಗ ಸುಮಾರು 2050 ಕಿಲೋಜೂಲ್ ಶಾಖ ಕೊಡುತ್ತದೆ, ಅದೇ ನೀರು ಒಂದು ಡಿಗ್ರಿ ತಣಿದರೆ ಸಿಗುವುದು ನಾಲ್ಕು ಚಿಲ್ಲರೆ. ಆದ್ದರಿಂದ ಡ್ರೈಯರ್ ಕಾಯಿಸುವ ಸುರುಳಿ ಕೊಳವೆಯಲ್ಲಿ ನೀರು ತುಂಬಿದ ಭಾಗ ಇದ್ದೂ ಇಲ್ಲದಂತೆಯೇ. ಹಲವು ಸುರುಳಿಗಳಿಗೆ ಒಂದೇ ಟ್ರ್ಯಾಪ್ ಜೋಡಿಸಿದ್ದರೆ ಬೇರ್ಪಡಿಸಿ, ಪ್ರತಿಯೊಂದಕ್ಕೂ ಫ್ಲೋಟ್ ಟ್ರ್ಯಾಪ್ (ಒಳಗಿನ ತೇಲುಗುಂಡು ನೀರಿನೊಡನೆ ಮೇಲೆದ್ದು ದಾರಿ ತೆರೆಯುವ ಬಗೆ) ಕೊಡಿ. ಬೈಪಾಸ್ (ಟ್ರ್ಯಾಪ್ ತಪ್ಪಿಸಿ ಹೋಗುವ ಬದಿದಾರಿ) ತೆರೆದಿಟ್ಟು ಕೆಲಸ ಸಾಗಿಸುವ ಅಭ್ಯಾಸ ನಮ್ಮ ಕಡೆ ಬಹಳವಿದೆ. ಹಬೆಯೂ ಅದರಲ್ಲಿ ಹೊರಹೋಗುವುದರಿಂದ, ಅದು ಒಲೆಗೆ ಹಾಕುವ ಉಮಿಯನ್ನು ಚರಂಡಿಗೆ ಸುರಿದಂತೆಯೇ ಸರಿ. ಭತ್ತಕ್ಕೆ ನೇರವಾಗಿ ಬಿಟ್ಟ ಹಬೆ ಮರಳಿ ಬಾರದು, ಡ್ರೈಯರ್‌ನ ಬಿಸಿನೀರನ್ನಾದರೂ ಬಾಯ್ಲರಿಗೆ ನೀರುಣಿಸುವ ಫೀಡ್ ಟ್ಯಾಂಕಿಗೆ ಮರಳಿಸಿ. ಫೀಡ್ ನೀರು 6 ಡಿಗ್ರಿ ಹೆಚ್ಚು ಬಿಸಿಯಾದರೆ ಇಂಧನದಲ್ಲಿ ಸುಮಾರು ಶೇ. 1 ಉಳಿತಾಯವಾಗುತ್ತದೆ.

ಉತ್ತರ (ತೀರ್ಥಹಳ್ಳಿಯಿಂದ):
ಮಳೆಗಾಲದ ವಿಷಯವನ್ನು ಯಾರೂ ಮುಟ್ಟಿಲ್ಲ. ಜಡಿಮಳೆಯ ನೀರು ಕೊಳವೆಯ ಹೊದಿಕೆ ತಗಡಿನ ಸಂದುಗಳಿಂದ ಇಳಿದು ಒಳಗೆ ಸುತ್ತಿದ ಗಾಜಿನ ಉಣ್ಣೆ ನೆಂದರೆ ಶಾಖ ತಡೆಯುವ ಗುಣವೇ ಹೋಗಿ, ಕೊಳವೆಯೊಳಗೆ ಇಳಿಯುವ ನೀರು ಹೆಚ್ಚುತ್ತದೆ. ನೆಂದ ಭಾಗ ತೆಗೆಸಿ, ತಗಡಿನ ಜೋಡಣೆ ಕೊಳವೆಯ ನೆತ್ತಿಯ ಮೇಲೆ ಬಾರದಂತೆ ಮತ್ತೆ ಹೊದಿಸಿ. ಅಲ್ಲಿಯವರೆಗೆ ಬೆಳಿಗ್ಗೆ ಡ್ರೈನ್ ವಾಲ್ವ್‌ಗಳನ್ನೆಲ್ಲ ತೆರೆದಿಟ್ಟು, ಕೊಳವೆ ಕಾಯುವ ತನಕ ಮುಖ್ಯ ವಾಲ್ವನ್ನು ನಿಧಾನವಾಗಿ ತಿರುಗಿಸಿ. ಮುಖ್ಯ ಕೊಳವೆಯನ್ನು ಕತ್ತರಿಸಿ ಬದಲಿಸುವುದಾದರೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ ಮೊದಲೇ ಲಿಖಿತವಾಗಿ ತಿಳಿಸಬೇಕು.