ಗರಿ ತೀಡುವುದೇ, ಗರಿಗೆದರುವುದೇ? ‘ಪ್ರೀನ್’ ಎಂಬ ಕ್ರಿಯಾಪದಕ್ಕೆ ಕನ್ನಡ

ಇಂಗ್ಲಿಷಿನ ‘ಪ್ರೀನ್’ ಎಂಬ ಕ್ರಿಯಾಪದವನ್ನು ದಿನಬಳಕೆಯ ಕನ್ನಡ ವಾಕ್ಯಗಳಲ್ಲಿ ಹೇಗೆ ತರುವುದು? ಹಕ್ಕಿ ಕೊಕ್ಕಿನಿಂದ ಪುಕ್ಕ ಸರಿಮಾಡಿಕೊಳ್ಳುವುದಕ್ಕೆ ಅಲ್ಲಿ ಆ ಪದ. ಹುಡುಗನೊಬ್ಬ ಕನ್ನಡಿ ಬಿಟ್ಟು ಕದಲದೆ ತಲೆ ಬಾಚಿಕೊಳ್ಳುತ್ತ ನಿಂತರೂ ಅದೇ ಪದ. ನಾಲ್ಕು ಜನ ಹೊಗಳಿದರೆಂದು ಒಬ್ಬರು ಉಬ್ಬಿಹೋದರೂ ಅದೇ. ‘ಸಿಂಗರಿಸಿಕೊಳ್ಳು’ ಎಂದು ಬರೆದು ಮುಂದೆ ಹೋಗುವವರೇ ಹೆಚ್ಚು. ಮೂರರಲ್ಲಿ ಒಂದು ವಾಕ್ಯಕ್ಕೂ ಅದು ಸರಿಯಾಗಿ ಕೂರುವುದಿಲ್ಲ ಎಂಬುದು ನನ್ನ ಅನಿಸಿಕೆ.

ಹಕ್ಕಿಯಿಂದಲೇ ಶುರುಮಾಡೋಣ. ಗರಿಯ ಎಳೆಗಳು ಒಂದಕ್ಕೊಂದು ಸಣ್ಣ ಸಣ್ಣ ಕೊಕ್ಕೆಗಳಿಂದ ಹೆಣೆದುಕೊಂಡಿರುತ್ತವೆ. ಆ ಹೆಣಿಗೆ ಬಿಚ್ಚಿದಲ್ಲೆಲ್ಲ ಹಕ್ಕಿ ಎಳೆಗಳನ್ನು ಕೊಕ್ಕಿನ ನಡುವೆ ಜಾರಿಸಿ ಮತ್ತೆ ಕೂಡಿಸುತ್ತದೆ. ಹೇನು, ಕೊಳೆ ತೆಗೆಯುತ್ತದೆ. ಬಹಳಷ್ಟು ಹಕ್ಕಿಗಳು ಬಾಲದ ಬುಡದ ಗ್ರಂಥಿಯಿಂದ ಎಣ್ಣೆ ತೆಗೆದು ಗರಿಗಳಿಗೆ ಸವರಿಕೊಳ್ಳುತ್ತವೆ. ಇದರಲ್ಲಿ ಯಾರಿಗೂ ತೋರಿಸುವುದೇನೂ ಇಲ್ಲ. ಗರಿ ಒಪ್ಪವಾಗಿರದಿದ್ದರೆ ಹಾರಾಟಕ್ಕೂ ಮೈ ಬೆಚ್ಚಗಿರುವುದಕ್ಕೂ ತೊಂದರೆ, ಅಷ್ಟೇ. ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತೇ ಇದೆ: ‘ಗರಿ ತೀಡಿಕೊಳ್ಳು’. ತೀಡು ಎಂಬುದು ಕೈಯ ಮೃದುತನವನ್ನು ಹೊತ್ತ ಪದ. ಹುಬ್ಬು ತೀಡುತ್ತೇವೆ, ಕಾಡಿಗೆ ತೀಡುತ್ತೇವೆ, ಮಕ್ಕಳಿಗೆ ಅಕ್ಷರ ತೀಡಿಸುತ್ತೇವೆ, ಬರೆದದ್ದನ್ನು ತಿದ್ದಿ ತೀಡುತ್ತೇವೆ, ತಂಗಾಳಿಯೂ ತೀಡುತ್ತದೆ. ‘ತಂತಿಯ ಮೇಲೆ ಕೂತ ಪಾರಿವಾಳ ಗರಿ ತೀಡಿಕೊಳ್ಳುತ್ತಿತ್ತು’ ಎಂದರೆ ಓದುವವರಿಗೆ ಕೊಕ್ಕು ಆಡುವುದು ಕಾಣುತ್ತದೆ. ‘ಸಿಂಗರಿಸಿಕೊಳ್ಳುತ್ತಿತ್ತು’ ಎಂದರೆ ಪಾರಿವಾಳ ಎಲ್ಲಿಗೋ ಹೊರಟಂತೆ ಕೇಳುತ್ತದೆ.

ಆದರೆ ಈ ಜಾಗದಲ್ಲಿ ‘ಗರಿಗೆದರು’ ಎಂದು ಬರೆದುಬಿಡುವುದನ್ನು ನೋಡುತ್ತಿದ್ದೇನೆ. ಅದು ತಪ್ಪು. ಗರಿ ಮತ್ತು ಕೆದರು ಸೇರಿ ಗರಿಗೆದರು. ತೀಡುವುದು ಕೂಡಿಸುವ ಕೆಲಸ, ಕೆದರುವುದು ಬಿಡಿಸಿ ಹರಡುವ ಕೆಲಸ. ನವಿಲು ಕುಣಿಯುವಾಗ ಗರಿಗೆದರುತ್ತದೆ, ಕುಣಿತ ಮುಗಿದ ಮೇಲೆ ಗರಿ ತೀಡಿಕೊಳ್ಳುತ್ತದೆ. ಇಂಗ್ಲಿಷು ಒಂದೇ ಪದದೊಳಗೆ ಇಟ್ಟಿರುವ ಒಪ್ಪ ಮಾಡಿಕೊಳ್ಳುವುದು ಮತ್ತು ತೋರಿಸಿಕೊಳ್ಳುವುದು ನಮ್ಮಲ್ಲಿ ಒಂದಕ್ಕೊಂದು ಎದುರಾದ ಎರಡು ಚಲನೆಗಳು. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತು ಎಂಬ ಗಾದೆಯಲ್ಲಿರುವುದೂ ತೋರಿಕೆಯ ಕೆದರುವಿಕೆಯೇ. ಇನ್ನು ಪತ್ರಿಕೆಗಳಲ್ಲಿ ‘ಚುನಾವಣಾ ಚಟುವಟಿಕೆ ಗರಿಗೆದರಿದೆ’, ‘ಆಸೆ ಗರಿಗೆದರಿತು’ ಎಂದು ಬರುವಾಗ ಹೆಮ್ಮೆಯ ಸುಳಿವೂ ಉಳಿದಿಲ್ಲ. ಚುರುಕಾಯಿತು, ಚಿಗುರಿತು ಎಂಬಷ್ಟೇ ಅರ್ಥ. ಹಾಗಾಗಿ ಮನುಷ್ಯರ ಜಂಬಕ್ಕೆ ಇವತ್ತು ಈ ಪದವನ್ನು ಹಚ್ಚಿದರೆ ಓದುಗರು ಬೇರೇನೋ ತಿಳಿದುಕೊಳ್ಳುವ ಸಂಭವವೇ ಹೆಚ್ಚು.

ಜಂಬದ ಕಡೆಗೆ ಬಂದರೆ ನಮಗೆ ಬೀಗು, ಮೆರೆ ಎಂಬ ಎರಡು ಗಟ್ಟಿ ಕ್ರಿಯಾಪದಗಳಿವೆ. ಇವನ್ನು ಒಂದರ ಬದಲು ಇನ್ನೊಂದು ಬಳಸಲಾಗದು. ಬೀಗು ಎಂದರೆ ಮೊದಲಿಗೆ ಊದು, ಉಬ್ಬು. ಅದು ಒಳಗಿನಿಂದ ಬರುವಂಥದ್ದು, ನೋಡುವವರು ಬೇಕಿಲ್ಲ. ‘ಬಹುಮಾನ ಬಂದ ಸುದ್ದಿ ಓದಿ ಒಬ್ಬನೇ ಕೂತು ಬೀಗಿದ’ ಎನ್ನಬಹುದು. ‘ಒಬ್ಬನೇ ಕೂತು ಮೆರೆದ’ ಎಂದರೆ ಕಿವಿ ಒಪ್ಪುವುದಿಲ್ಲ. ಮೆರೆಯುವುದಕ್ಕೆ ಎದುರಿಗೆ ಜನ ಬೇಕು. ಮೆರವಣಿಗೆ ಎಂಬ ಪದ ಹುಟ್ಟಿದ್ದೂ ಅದರಿಂದಲೇ. ಮೆರೆ ಎಂಬುದಕ್ಕೆ ಹೊಳೆ, ಶೋಭಿಸು ಎಂಬ ಹಳೆಯ ಅರ್ಥವಿರುವುದರಿಂದ ಅದು ಬೈಗುಳವೂ ಆಗುತ್ತದೆ, ಹೊಗಳಿಕೆಯೂ ಆಗುತ್ತದೆ. ‘ಸಿಕ್ಕಿದ ಚೀಲ ಮರಳಿಸಿ ಪ್ರಾಮಾಣಿಕತೆ ಮೆರೆದ ಚಾಲಕ’ ಎನ್ನುವಾಗ ಮೆಚ್ಚುಗೆ. ಅಂಥ ಒಂದು ಗುಣದ ಹೆಸರಿಲ್ಲದೆ ‘ಈಚೆಗೆ ಬಹಳ ಮೆರೀತಿದಾನೆ’ ಎಂದರೆ ತಕರಾರು. ‘ತುಂಬಾ ಮೆರೀಬೇಡ’ ಎಂಬುದಂತೂ ನೇರ ಎಚ್ಚರಿಕೆ. ಅನುವಾದ ಮಾಡುವವರು ಇದನ್ನು ಗಮನಿಸದೆ ಹೋದರೆ ಟೀಕೆ ಹೊಗಳಿಕೆಯಾಗಿ ತಿರುಗಿಬಿಡುತ್ತದೆ.

ಶೋಕಿ ಮಾಡು, ಡೌಲು ತೋರಿಸು, ಜಂಬ ಕೊಚ್ಚಿಕೊಳ್ಳು ಮೂರೂ ಆಡುಮಾತಿನಲ್ಲಿ ಸಲೀಸು. ಮೊದಲಿನದರಲ್ಲಿ ಬಟ್ಟೆಬರೆ, ಖರ್ಚು ಇದೆ. ಕೊನೆಯದು ಬಾಯಿಗೆ ಸೇರಿದ್ದು. ಮೈ ಒಪ್ಪ ಮಾಡಿಕೊಳ್ಳುವ ಕೈಕೆಲಸ ಯಾವುದರಲ್ಲೂ ಇಲ್ಲ.

ಹಾಗಿದ್ದರೆ ಕನ್ನಡಿಯ ಮುಂದಿನ ಹುಡುಗನಿಗೆ ಏನು ಮಾಡುವುದು? ನಾನಾದರೆ ಒಂದೇ ಪದಕ್ಕೆ ಹಟ ಹಿಡಿಯುವುದಿಲ್ಲ. ‘ಕ್ರಾಪು ತೀಡಿ ತೀಡಿ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಬೀಗುತ್ತಿದ್ದ.’ ತೀಡುವುದು ಕೈಗೆ, ಬೀಗುವುದು ಮನಸ್ಸಿಗೆ. ‘ತೀಡಿ ತೀಡಿ’ ಎಂಬ ಜೋಡಿಯೇ ಅತಿಯಾಯಿತೆಂಬುದನ್ನು ಹೇಳುತ್ತದೆ, ‘ನೋಡಿಕೊಂಡು’ ಎಂಬಲ್ಲಿಯ ‘ಕೊಳ್ಳು’ ಅವನ ಗಮನವನ್ನು ಅವನ ಕಡೆಗೇ ತಿರುಗಿಸುತ್ತದೆ. ಹೊಗಳಿಕೆಯ ವಾಕ್ಯದಲ್ಲಿ ಕೈಕೆಲಸದ ಮಾತೇ ಬೇಡ: ‘ಎಲ್ಲರೂ ಚಪ್ಪಾಳೆ ತಟ್ಟಿದ್ದೇ ತಡ, ಆಕೆ ಉಬ್ಬಿಹೋದಳು.’

ಒಂದೇ ಚಲನೆಯಲ್ಲಿ ಒಪ್ಪವನ್ನೂ ಠೀವಿಯನ್ನೂ ಹಿಡಿದಿಡುವ ಮಾತು ಕನ್ನಡದಲ್ಲಿ ನನಗೆ ಕಂಡಿರುವುದು ‘ಮೀಸೆ ತಿರುವು’. ತಿರುವಿದರೆ ಮೀಸೆ ಓರಣವೂ ಆಗುತ್ತದೆ, ಎದುರಿನವರಿಗೆ ಗತ್ತೂ ತಿಳಿಯುತ್ತದೆ. ‘ಒಂದು ಪಂದ್ಯ ಗೆದ್ದು ಮೀಸೆ ತಿರುವುತ್ತಿದ್ದಾರೆ’ ಎನ್ನುವಾಗ ಆ ತಂಡದಲ್ಲಿ ಯಾರಿಗೂ ಮೀಸೆ ಇರಬೇಕಾಗಿಲ್ಲ. ನುಡಿಗಟ್ಟು ಅಷ್ಟು ಪಳಗಿದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯಲ್ಲಿಯೂ ಮೀಸೆಗೆ ಅದೇ ಮಾನ.

ತೊಡಕಿರುವುದು ಇಲ್ಲೇ. ‘ಮೀಸೆ ತಿರುವು’ ಗಂಡಸಿನದು. ಹೆಣ್ಣಿನ ವಿಷಯಕ್ಕೆ ಬಂದ ಕೂಡಲೇ ನಮ್ಮ ಕೈಗೆ ಸಿಗುವುದು ಬಿಂಕ, ಬಿನ್ನಾಣ, ಒಯ್ಯಾರ, ಒನಪು. ಇವೆಲ್ಲ ನಾಮಪದಗಳು, ‘ಮಾಡು’ ‘ತೋರು’ ಸೇರಿದರೆ ಮಾತ್ರ ಕ್ರಿಯೆಯಾಗುತ್ತವೆ. ಅಲ್ಲದೆ ಇವು ಹೆಣ್ಣನ್ನು ನೋಡುವವರ ಮಾತುಗಳು. ತಾನು ಗೆದ್ದುದರ ಬಗ್ಗೆ ಅವಳಿಗೇ ಇರುವ ಹೆಮ್ಮೆಯನ್ನು ಇವು ಹೇಳುವುದಿಲ್ಲ. ಗೆದ್ದು ಬಂದ ಹುಡುಗಿ ಜಡೆಯನ್ನು ಹಿಂದಕ್ಕೆ ಎಸೆದು, ಸೆರಗು ಸರಿಮಾಡಿಕೊಂಡು ತಲೆಯೆತ್ತಿ ನಿಲ್ಲುವುದಕ್ಕೆ ‘ಬಿಂಕ ತೋರಿದಳು’ ಎಂದು ಬರೆಯಲು ನನಗೆ ಮನಸ್ಸು ಬರುವುದಿಲ್ಲ, ಅದು ಅವಳನ್ನು ಚಿಕ್ಕದು ಮಾಡುತ್ತದೆ.

ಆದ್ದರಿಂದ ಕೇಳುತ್ತಿದ್ದೇನೆ: ನಿಮ್ಮ ಮನೆಮಾತಿನಲ್ಲಿ, ಅಜ್ಜಿಯರ ಬಾಯಲ್ಲಿ, ಮೀಸೆ ತಿರುವುವುದಕ್ಕೆ ಸಮವಾಗಿ ಹೆಣ್ಣು ತನ್ನ ಹೆಮ್ಮೆಗಾಗಿ ಮಾಡುವ ಇಂಥ ಚಲನೆಗೆ ಕ್ರಿಯಾಪದವೋ ನುಡಿಗಟ್ಟೋ ಇದೆಯೇ? ಇದ್ದರೆ ಅದು ಬರುವ ಒಂದು ಇಡೀ ವಾಕ್ಯವನ್ನು, ಯಾರು ಯಾರಿಗೆ ಯಾವಾಗ ಹೇಳುತ್ತಾರೆ ಎಂಬುದರ ಸಮೇತ ದಯವಿಟ್ಟು ಬರೆಯಿರಿ.