ನಿಂಬೆ ಚಿಗುರಿಗೆ ಹೇನು: ಔಷಧಿ ಹೊಡೆಯೋದಾ, ಬಿಡೋದಾ?

ಕೋಥ್ರೂಡ್, ಪುಣೆ: ಟೆರೇಸಿನ ಮೇಲೆ ಡ್ರಮ್ಮಿನಲ್ಲಿ ಕಾಗ್ಜಿ ನಿಂಬೆ ಇದೆ. ಚಳಿ ಕಳೆದು ಚಿಗುರು ಬಂತು, ಹಿಂದೆಯೇ ಕಪ್ಪು ಹೇನೂ ಬಂತು. ಎಲೆ ಮುರುಟಿವೆ, ಕೆಳಗೆಲ್ಲ ಅಂಟಂಟು. ಮೊಗ್ಗೂ ಕಾಣುತ್ತಿದೆ. ಅಂಗಡಿಯವರು ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ ಕೊಟ್ಟು, ಬುಡಕ್ಕೂ ಹಾಕಿ ಎಲೆಗೂ ಹೊಡೀರಿ ಅಂದರು. ಮನೆಯಲ್ಲಿ ಮಕ್ಕಳಿದ್ದಾರೆ. ಹೊಡೆದು ಅನುಭವ ಇದ್ದವರು ಹೇಳಿ.

ಹಡಪಸರ್ (ಊರು ಇಂಡಿ): ಲಿಂಬಿ ತ್ವಾಟದಾಗ ಬೆಳದಾಂವ, ಹೇಳ್ತೀನಿ ಕೇಳ್ರಿ. ಮೊಗ್ಗು ಅದ ಅಂದಮ್ಯಾಲ ಆ ಬಾಟ್ಲಿ ಮುಚ್ಚಿ ಇಡ್ರಿ. ಇಮಿಡಾ ಗಿಡದ ರಸದಾಗ ಹರದಾಡ್ತದ, ಹೂವಿನ ಮಕರಂದಕ್ಕೂ ಇಳೀತದ. ಜೇನುಹುಳ ಸಾಯ್ತಾವ.

ಹೇನಿಗೆ ಎಳಿ ಚಿಗುರಷ್ಟ ಬೇಕು. ಎಲಿ ಬಲಿತು ಗಟ್ಟಿ ಆತಂದ್ರ ಅದರ ಆಟ ನಡಿಯಂಗಿಲ್ಲ. ಆದರ ಇರೋತನಕ ಗಂಡಿನ ಹಂಗಿಲ್ಲದ ಜೀವಂತ ಮರಿ ಹಾಕ್ತದ, ಆ ಮರಿ ವಾರ-ಹತ್ತು ದಿನದಾಗ ತಾನೂ ಹಡೀತದ. ಮೊನ್ನೆ ನಾಕು ಕಂಡದ್ದು ಇವತ್ತ ಕಡ್ಡಿ ತುಂಬ ಕಾಣೋದು ಅದಕ್ಕ. ದೊಡ್ಡ ಗಿಡ ಇಷ್ಟಕ್ಕ ಸಾಯಂಗಿಲ್ಲ.

ಅಂಜಬೇಕಾದ್ದು ಟ್ರಿಸ್ಟೆಜಾ ಅನ್ನೋ ವೈರಸ್‌ಗೆ. ಕಂದು ಹೇನು ಅದನ್ನ ಹೊತ್ತು ತರ್ತದ, ಕಾಗ್ಜಿ ಲಿಂಬಿಗೆ ಲಗೂನ ತಗಲತದ. ಅದನ್ನ ತಡೀಲಿಕ್ಕಂತ ಔಷಧ ಹೊಡದ್ರ ಉಪಯೋಗ ಭಾಳಿಲ್ಲ. ಹೇನು ಸಾಯೋದ್ರಾಗ ರೋಗ ದಾಟಿಸಿ ಆಗಿರತದ. ಎಳಿ ಎಲಿ ಬಿಸಲಿಗೆ ಹಿಡದು ನೋಡ್ರಿ, ನರದಾಗ ಅಲ್ಲಲ್ಲಿ ತಿಳಿ ಗೀರು ಕಂಡ್ರ ಸಂಶಯ ಪಡಬೇಕು. ಮುಂದ ಸಸಿ ತರೋದಿದ್ರ ಕಂಡಕಂಡಲ್ಲಿ ತರಬ್ಯಾಡ್ರಿ. ನಾಗಪುರದಾಗ ಕೇಂದ್ರ ಸರಕಾರದ ನಿಂಬೆವರ್ಗದ ಸಂಶೋಧನಾ ಸಂಸ್ಥೆ ಅದ, ಅಲ್ಲಿ ರೋಗ ಇಲ್ಲದ ಸಸಿ ಮಾಡ್ತಾರ.

ಡೊಂಬಿವಲಿ: ಹೇನು ಬಿಡಿ ಮಾರಾಯ್ರೆ, ಮೊದಲು ಇರುವೆ ಉಂಟಾ ನೋಡಿ. ಆ ಅಂಟು ಹೇನಿನ ಸಿಹಿ ಮಲ. ಅದಕ್ಕಾಗಿ ಇರುವೆ ಹೇನನ್ನು ಕಾಯುತ್ತದೆ, ತಿನ್ನಲು ಬಂದ ಗುಲಗಂಜಿ ಹುಳವನ್ನು ಓಡಿಸುತ್ತದೆ. ಕಾಂಡಕ್ಕೆ ಟೇಪ್ ಸುತ್ತಿ ಅದರ ಮೇಲೆ ಗ್ರೀಸ್ ಬಳಿಯಿರಿ, ನೇರ ತೊಗಟೆಗೆ ಬೇಡ. ಗೋಡೆಗೆ ತಾಗುವ ಗೆಲ್ಲು ಕತ್ತರಿಸಿ, ಇಲ್ಲದಿದ್ದರೆ ಇರುವೆ ಆ ದಾರಿಯಲ್ಲಿ ಬರುತ್ತದೆ. ನಮ್ಮ ಬಾಲ್ಕನಿಯಲ್ಲಿ ಇರುವೆ ನಿಂತ ಮೇಲೆ ಅರ್ಧ ಕೆಲಸ ಮುಗಿಯಿತು.

ಚಿಗುರಿನ ಮೇಲೆ ಕಪ್ಪು ಮೈ, ಕಿತ್ತಳೆ ಚುಕ್ಕೆ, ಮೊಸಳೆಮರಿಯ ಹಾಗಿನ ಹುಳ ಕಂಡರೆ ಕೊಲ್ಲಬೇಡಿ. ಅದು ಗುಲಗಂಜಿ ಹುಳದ್ದೇ ಮರಿ. ದೊಡ್ಡದಕ್ಕಿಂತ ಹೆಚ್ಚು ಹೊಟ್ಟೆಬಾಕ.

ಫೋಂಡಾ, ಗೋವಾ: ನಮ್ಮಲ್ಲಿ ಜೂನ್-ಜುಲೈ ಮಳೆಗೆ ಹೇನು ತೊಳೆದು ಹೋಗುತ್ತದೆ, ತಲೆನೋವು ಶುರುವಾಗುವುದು ಮಳೆ ನಿಂತ ಮೇಲಿನ ಚಿಗುರಿಗೆ. ಪೈಪಿನಿಂದ ಜೋರಾಗಿ ಎಲೆಯಡಿಗೆ ನೀರು ಬಿಡುತ್ತೇನೆ, ಎರಡು ಮೂರು ದಿನಕ್ಕೊಮ್ಮೆ. ಬಿದ್ದ ಹೇನು ಹೆಚ್ಚಿನವು ಮತ್ತೆ ಹತ್ತುವುದಿಲ್ಲ. ಒಂದು ಗಿಡಕ್ಕೆ ಇದಕ್ಕಿಂತ ದೊಡ್ಡ ವಿದ್ಯೆ ಬೇಡ. ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆ ಮಾತ್ರ ಇಬ್ಬಂದಿ: ಎಲೆ ತಿನ್ನುವ ಹುಳ ಹಿಡಿಯುತ್ತದೆ, ಹೇನನ್ನು ಸಾಕುತ್ತದೆ. ನಾನು ಅದನ್ನು ಓಡಿಸದೆ ಹಾಗೇ ಬಿಟ್ಟಿದ್ದೇನೆ.

ಕೋಥ್ರೂಡ್: ಇರುವೆ ಸಾಲುಗಟ್ಟಿವೆ, ಈಗ ನೋಡಿದೆ. ಬೇವಿನೆಣ್ಣೆ ಎಷ್ಟು ಹಾಕಬೇಕು? ಪಾತ್ರೆ ತೊಳೆಯುವ ಲಿಕ್ವಿಡ್ ನಡೆಯುತ್ತಾ?

ಶಿರೂರು, ಪುಣೆ ಜಿಲ್ಲೆ: ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು 1 ಮಿಲಿಯಷ್ಟು ಮೆದು ಸೋಪು. ಬಟ್ಟೆ ಪುಡಿ ಬೇಡ, ಎಲೆ ಸುಡುತ್ತದೆ. ಪಾತ್ರೆಯದ್ದಾದರೆ ಒಂದು ಕೊಂಬೆಗೆ ಹೊಡೆದು ಎರಡು ದಿನ ಕಾಯಿರಿ. ಸಂಜೆ, ಎಲೆಯಡಿಗೆ ತಾಗುವಂತೆ ಹೊಡೆಯಿರಿ. ಮೈಗೆ ತಾಗದ ಹೇನು ಸಾಯುವುದಿಲ್ಲ. ವಾರ ಬಿಟ್ಟು ಇನ್ನೊಮ್ಮೆ. ಪುಣೆಯ ಏಪ್ರಿಲ್ ಬಿಸಿಲಲ್ಲಿ ಎಣ್ಣೆ ಮುಟ್ಟಬೇಡಿ.

ಮೇಲೆ ಎಲ್ಲರೂ ಔಷಧಿ ಬೇಡವೇ ಬೇಡ ಅನ್ನುವ ಹಾಗೆ ಬರೆದಿದ್ದಾರೆ, ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಹೊಸದಾಗಿ ನೆಟ್ಟ ಸಸಿಯ ಅಷ್ಟೂ ಚಿಗುರು ಮುರುಟಿದರೆ ಅದು ಏಳುವುದು ಕಷ್ಟ. ಆಗ ನಾನು ಇಮಿಡಾ 17.8 ಎಸ್‌ಎಲ್ (ನೀರಲ್ಲಿ ಕರಗುವ ದ್ರವ, 17.8% ಔಷಧಿ) ಲೀಟರಿಗೆ ಅರ್ಧ ಮಿಲಿಗಿಂತ ಕಮ್ಮಿ ಹಾಕಿ ಒಮ್ಮೆ ಹೊಡೆಯುತ್ತೇನೆ. ಹೂವಿರಬಾರದು, ಗಾಳಿಯಿರಬಾರದು, ಕೈಗವಸು ಮಾಸ್ಕ್ ಬೇಕು. ಮುಂದಿನ ಚಿಗುರಿಗೂ ಅದೇ ಔಷಧಿ ಬೇಡ, ಹೇನು ಒಗ್ಗಿಕೊಳ್ಳುತ್ತದೆ. ಬುಡಕ್ಕೂ ಎಲೆಗೂ ಎರಡೂ ಕಡೆ ಅನ್ನೋದು ಅಂಗಡಿಯ ಲೆಕ್ಕ, ಗಿಡದ್ದಲ್ಲ. ಬಾಟಲಿಯ ಲೇಬಲ್ಲಿನ ಬಣ್ಣದ ತ್ರಿಕೋನ ನೋಡಿ: ಕೆಂಪಿನ ವಿಷ ಎಲ್ಲಕ್ಕಿಂತ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಕೆಂಪು ಟೆರೇಸಿಗೆ ತರಲೇಬೇಡಿ. ಹಣ್ಣಿರುವ ಗಿಡಕ್ಕೆ ಹೊಡೆದರೆ ಎಷ್ಟು ದಿನ ಕೀಳಬಾರದು ಅಂತ ಲೇಬಲ್ಲಿನಲ್ಲಿ ಇರುತ್ತದೆ, ಅದನ್ನು ಓದಿಯೇ ಕೀಳಿ.

ಡೊಂಬಿವಲಿ: ಮುರುಟಿದ ಎಲೆ ಮತ್ತೆ ಬಿಚ್ಚುವುದಿಲ್ಲ ಆಯ್ತಾ, ಅದನ್ನು ನೋಡಿ ಬೇವು ಕೆಲಸ ಮಾಡಲಿಲ್ಲ ಅಂತ ಬಾಟಲಿಗೆ ಕೈ ಹಾಕಬೇಡಿ. ಮುಂದಿನ ಚಿಗುರು ನೋಡಿ. ಅಲ್ಲಿವರೆಗೆ ಯೂರಿಯಾ ಹಾಕುವುದೂ ಬೇಡ, ಚಿಗುರು ಹೆಚ್ಚಾದಷ್ಟೂ ಹೇನಿಗೇ ಲಾಭ.